ಹಳೆಯ ವಾಹನಗಳ ಡ್ಯಾಶ್‌ಬೋರ್ಡ್ ಮಾಪಕಗಳು: ತಪ್ಪು ತೋರಿಸುವ ಮುಳ್ಳನ್ನು ಪರೀಕ್ಷಿಸುವ ಕ್ರಮ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ವ್ಯಾಪಾರವು ಬಹುಮಟ್ಟಿಗೆ ರಸ್ತೆ ಸಾರಿಗೆಯನ್ನೇ ಅವಲಂಬಿಸಿದೆ. ಕೃಷ್ಣರಾಜನಗರವೊಂದನ್ನು ಬಿಟ್ಟರೆ ಉಳಿದ ಮೂರು ತಾಲ್ಲೂಕು ಕೇಂದ್ರಗಳಿಗೆ ರೈಲು ಸಂಪರ್ಕವಿಲ್ಲ. ತಂಬಾಕಿನ ಬೇಲುಗಳು ಹರಾಜು ಮಾರುಕಟ್ಟೆಗೆ ಹೋಗುವುದು, ಭತ್ತ ಗಿರಣಿಗೆ ಬರುವುದು, ಶುಂಠಿ, ಹತ್ತಿ, ಮರಮುಟ್ಟು ಹೊರ ಊರುಗಳಿಗೆ ಸಾಗುವುದು ಎಲ್ಲವೂ ಲಾರಿ, ಟೆಂಪೊ, ಜೀಪು ಮತ್ತು ಟ್ರ್ಯಾಕ್ಟರುಗಳಲ್ಲಿಯೇ. ಈ ವಾಹನಗಳಲ್ಲಿ ಹತ್ತು, ಹದಿನೈದು ವರ್ಷ ದಾಟಿದವು ಕಡಿಮೆಯೇನಲ್ಲ. ಎಂಜಿನ್ ಗಟ್ಟಿಯಾಗಿರುತ್ತದೆ, ಚಾಸಿ ಗಟ್ಟಿಯಾಗಿರುತ್ತದೆ. ಆದರೆ ಚಾಲಕನ ಎದುರಿಗಿರುವ ಮಾಪಕಗಳ ಮುಳ್ಳುಗಳು ಮಾತ್ರ ಒಂದೊಂದಾಗಿ ನಂಬಿಕೆ ಕಳೆದುಕೊಳ್ಳುತ್ತವೆ. "ಅದು ಹಾಗೆಯೇ, ಬಿಡಿ" ಎಂದು ನಾವು ಅವುಗಳನ್ನು ಕಡೆಗಣಿಸುತ್ತೇವೆ. ಹಾಗೆ ಕಡೆಗಣಿಸುವುದರಿಂದ ಆಗುವ ನಷ್ಟವೇನು, ದೋಷವನ್ನು ಕ್ರಮವಾಗಿ ಪತ್ತೆಹಚ್ಚುವ ಬಗೆ ಯಾವುದು ಎಂಬುದನ್ನು ಸದಸ್ಯರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಒಂದು ಪ್ರಸಂಗ

ವಿಷಯಕ್ಕೆ ಬರುವ ಮುನ್ನ ನಮ್ಮ ಅಂಗಡಿಯಲ್ಲಿಯೇ ನಡೆದ ಸಂಗತಿಯೊಂದನ್ನು ಹೇಳಬೇಕು. ನಮ್ಮಲ್ಲಿ ಹಳೆಯದೊಂದು ಲಘು ಸರಕು ವಾಹನವಿತ್ತು. ಅದರ ಚಾಲಕರು ಹನ್ನೊಂದು ವರ್ಷಗಳಿಂದ ನಮ್ಮಲ್ಲಿಯೇ ಇದ್ದವರು. ಮಳೆಗಾಲದ ನಂತರ ಡೀಸೆಲ್ ಲೆಕ್ಕ ಹೊಂದದಾಯಿತು. ಸಂಜೆ ಮೂವತ್ತು ಲೀಟರ್ ಹಾಕಿಸಿದರೆ ಬೆಳಿಗ್ಗೆ ಮುಳ್ಳು ಕಾಲು ಟ್ಯಾಂಕಿನ ಗುರುತಿನಲ್ಲಿ ನಿಂತಿರುತ್ತಿತ್ತು. ಮೂರು ಬಾರಿ ಹೀಗಾದ ಮೇಲೆ ಅಂಗಡಿಯ ಆಳುಗಳ ಎದುರಿನಲ್ಲಿಯೇ ನಾವು ಕೇಳಬಾರದ ಪ್ರಶ್ನೆಯನ್ನು ಅವರಿಗೆ ಕೇಳಿದೆವು. ಅವರು ವಾದಿಸಲಿಲ್ಲ. "ಟ್ಯಾಂಕು ಅಳೆದು ನೋಡಿ, ಸಾಹುಕಾರರೇ" ಎಂದಷ್ಟೇ ಹೇಳಿ, ಕೀಲಿಕೈಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಮನೆಗೆ ಹೋದರು.

ನಾವು ಅಳೆಯಲಿಲ್ಲ. ಬೇರೊಬ್ಬ ಚಾಲಕನನ್ನು ಗೊತ್ತುಮಾಡಿದೆವು. ಮುಳ್ಳು ಮತ್ತೆ ಅದೇ ರೀತಿ ಇಳಿಯಿತು. ಆಗ ಆಟೊ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಲಾಯಿತು. ಅವರು ಟ್ಯಾಂಕಿನ ಬಳಿ ಕುಳಿತು, ತುಕ್ಕು ಹಿಡಿದಿದ್ದ ಅರ್ಥಿಂಗ್ ತಂತಿಯ ತುದಿಯನ್ನು ಬಿಚ್ಚಿ, ಮರಳುಕಾಗದದಿಂದ ಉಜ್ಜಿ ಮತ್ತೆ ಬಿಗಿದರು. ಮುಳ್ಳು ನಿಧಾನವಾಗಿ ಮೇಲೇರಿ ಮುಕ್ಕಾಲು ಗುರುತಿನಲ್ಲಿ ನಿಂತಿತು. ಡೀಸೆಲ್ ಟ್ಯಾಂಕಿನಲ್ಲಿಯೇ ಇತ್ತು, ಎಲ್ಲಿಯೂ ಹೋಗಿರಲಿಲ್ಲ. ಹತ್ತು ನಿಮಿಷದ ಪರೀಕ್ಷೆಯನ್ನು ಮಾಡದೆ ಹನ್ನೊಂದು ವರ್ಷದ ವಿಶ್ವಾಸವನ್ನು ನಾವು ಕಳೆದುಕೊಂಡಿದ್ದೆವು.

ಮಾಪಕ ಕೆಲಸ ಮಾಡುವ ಬಗೆ

ಇಂಧನ ಮತ್ತು ಉಷ್ಣತೆಯ ವಿದ್ಯುತ್ ಮಾಪಕಗಳಲ್ಲಿ ಮೂರು ಅಂಗಗಳಿವೆ. ಒಂದು, ಡ್ಯಾಶ್‌ಬೋರ್ಡಿನಲ್ಲಿರುವ ಮೀಟರ್. ಎರಡು, ಟ್ಯಾಂಕಿನಲ್ಲಿ ಅಥವಾ ಎಂಜಿನ್ನಿನಲ್ಲಿರುವ ಯೂನಿಟ್. ಇದನ್ನು ಸೆಂಡರ್ ಎನ್ನುತ್ತಾರೆ. ಮೂರು, ಇವೆರಡನ್ನು ಕೂಡಿಸುವ ತಂತಿ ಮತ್ತು ವಾಹನದ ಲೋಹದ ಮೈ ಮೂಲಕ ಬ್ಯಾಟರಿಗೆ ವಿದ್ಯುತ್ ಹಿಂದಿರುಗುವ ಅರ್ಥಿಂಗ್ ದಾರಿ. ಮೀಟರ್ ತಾನಾಗಿ ಡೀಸೆಲನ್ನು ಅಳೆಯುವುದಿಲ್ಲ. ತನ್ನ ಮೂಲಕ ಹರಿಯುವ ವಿದ್ಯುತ್ ಎಷ್ಟೆಂಬುದನ್ನು ಮಾತ್ರ ತೋರಿಸುತ್ತದೆ. ಆದುದರಿಂದ ದಾರಿಯಲ್ಲಿ ಎಲ್ಲಿ ತುಕ್ಕು ಹಿಡಿದು ತಡೆ ಹೆಚ್ಚಿದರೂ ಮುಳ್ಳು ತಪ್ಪು ಹೇಳುತ್ತದೆ.

ಹಳೆಯ ಮೀಟರುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಬೈಮೆಟಲ್ ಮೀಟರ್. ಇದರಲ್ಲಿ ಸಣ್ಣ ತಂತಿಸುರುಳಿ ಬಿಸಿಯಾಗಿ, ಎರಡು ಲೋಹಗಳನ್ನು ಬೆಸೆದ ಪಟ್ಟಿಯನ್ನು ಬಾಗಿಸುತ್ತದೆ. ಪಟ್ಟಿ ಬಾಗಿದಂತೆ ಮುಳ್ಳು ಸರಿಯುತ್ತದೆ. ಕೀಲಿ ತಿರುಗಿಸಿದ ಮೇಲೆ ಮುಳ್ಳು ಹಲವು ಸೆಕೆಂಡುಗಳ ಕಾಲ ನಿಧಾನವಾಗಿ ಏರಿದರೆ ಅದು ಈ ಬಗೆಯದೆಂದು ತಿಳಿಯಬಹುದು. ಎರಡನೆಯದು ಆಯಸ್ಕಾಂತದ ಸುರುಳಿಗಳಿರುವ ಮೀಟರ್. ಇದರ ಮುಳ್ಳು ಕೀಲಿ ತಿರುಗಿಸಿದೊಡನೆ ಸ್ಥಾನಕ್ಕೆ ಬರುತ್ತದೆ.

ಬೈಮೆಟಲ್ ಮೀಟರುಗಳಿಗೆ ಬ್ಯಾಟರಿಯ ವೋಲ್ಟೇಜ್ ಏರಿಳಿತ ತಾಗದಂತೆ ವೋಲ್ಟೇಜ್ ಸ್ಟೆಬಿಲೈಸರ್ ಎಂಬ ಪುಟ್ಟ ಉಪಕರಣವನ್ನು ಮೀಟರುಗಳ ಹಿಂಬದಿಯಲ್ಲಿ ಅಳವಡಿಸಿರುತ್ತಾರೆ. ಇದು 12 ವೋಲ್ಟ್ ವಿದ್ಯುತ್ತನ್ನು ಬಿಟ್ಟು ಬಿಟ್ಟು ಹರಿಸಿ, ಸರಾಸರಿ ಸುಮಾರು 10 ವೋಲ್ಟ್ ಮಟ್ಟದಲ್ಲಿ ನಿಲ್ಲಿಸುತ್ತದೆ. ಕೆಲವು ತಯಾರಿಕೆಗಳಲ್ಲಿ ಈ ಮಟ್ಟ ಇನ್ನೂ ಕಡಿಮೆ ಇರುತ್ತದೆ. ಇಂಧನ ಮತ್ತು ಉಷ್ಣತೆಯ ಮೀಟರುಗಳೆರಡಕ್ಕೂ ಸ್ಟೆಬಿಲೈಸರ್ ಒಂದೇ ಎಂಬುದನ್ನು ನೆನಪಿಡಬೇಕು.

ಬೇಕಾದ ಸಾಮಗ್ರಿ ಮತ್ತು ಎಚ್ಚರಿಕೆ

ಸಾಧಾರಣ ಮಲ್ಟಿಮೀಟರ್, ಎರಡು ತುದಿಗೂ ಕ್ಲಿಪ್ಪುಗಳಿರುವ ನಾಲ್ಕೈದು ಅಡಿ ತಂತಿ, ಮರಳುಕಾಗದ, ಅಳತೆಯ ಕ್ಯಾನು ಮತ್ತು ಒಂದು ನೇರವಾದ ಮರದ ಪಟ್ಟಿ ಇದ್ದರೆ ಸಾಕು. ಆದರೆ ಈ ಕೆಳಗಿನ ಎಚ್ಚರಿಕೆಗಳನ್ನು ತಪ್ಪದೆ ಪಾಲಿಸಬೇಕು.

1. ಇಂಧನ ಟ್ಯಾಂಕಿನ ಕೆಲಸವನ್ನು ಬಯಲಿನಲ್ಲಿ ಮಾಡಬೇಕು. ಬೀಡಿ, ಸಿಗರೇಟು, ದೀಪ ಹತ್ತಿರ ಸುಳಿಯಬಾರದು. ಟ್ಯಾಂಕಿನ ಯೂನಿಟ್ಟನ್ನು ಬಿಚ್ಚುವ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು. ಪೆಟ್ರೋಲ್ ವಾಹನಗಳಲ್ಲಿ ಈ ಕೆಲಸವನ್ನು ಅನುಭವಿಗಳಿಗೇ ಬಿಡುವುದು ಲೇಸು.

2. ಬಿಸಿಯಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆಗೆಯಬಾರದು.

3. ಮುಂದೆ ಹೇಳಿರುವ ತಂತಿ ಪರೀಕ್ಷೆಗಳು ಹಳೆಯ ವಾಹನಗಳಿಗೆ ಮಾತ್ರ. ಕಂಪ್ಯೂಟರ್ ನಿಯಂತ್ರಿತ ಹೊಸ ವಾಹನಗಳಲ್ಲಿ ಇವನ್ನು ಮಾಡಿದರೆ ಬೆಲೆಬಾಳುವ ಭಾಗಗಳು ಸುಟ್ಟುಹೋದಾವು.

4. ಭಾರಿ ಲಾರಿಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್ ವ್ಯವಸ್ಥೆ ಇರುತ್ತದೆ. 12 ವೋಲ್ಟಿನ ಮೀಟರನ್ನೋ ಯೂನಿಟ್ಟನ್ನೋ ಅದಕ್ಕೆ ಹಾಕಬಾರದು.

ಮೊದಲು ಲಕ್ಷಣವನ್ನು ಓದಬೇಕು

ಮೀಟರ್ ತಪ್ಪು ತೋರಿಸಿದ ಕೂಡಲೇ ಹೊಸದನ್ನು ಕೊಳ್ಳುವುದು ನಮ್ಮಲ್ಲಿನ ವಾಡಿಕೆ. ಬಹಳ ಸಂದರ್ಭಗಳಲ್ಲಿ ಹೊಸ ಮೀಟರೂ ಅದೇ ತಪ್ಪನ್ನು ತೋರಿಸುತ್ತದೆ. ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುನ್ನ ಡ್ಯಾಶ್‌ಬೋರ್ಡನ್ನು ಒಮ್ಮೆ ಸಾವಧಾನವಾಗಿ ಗಮನಿಸಬೇಕು.

ಎಲ್ಲ ಮೀಟರುಗಳೂ ಒಟ್ಟಿಗೆ ನಿಂತಿದ್ದರೆ ಮೊದಲು ಫ್ಯೂಸನ್ನೂ ಅದರ ಹಿಡಿಕೆಯಲ್ಲಿನ ಹಸಿರು ಕಿಲುಬನ್ನೂ ನೋಡಬೇಕು.

ಇಂಧನ ಮತ್ತು ಉಷ್ಣತೆಯ ಮುಳ್ಳುಗಳೆರಡೂ ಒಟ್ಟಿಗೆ ಹೆಚ್ಚು ತೋರಿಸುತ್ತಿದ್ದರೆ ಸಂಶಯ ಸ್ಟೆಬಿಲೈಸರಿನ ಮೇಲೆ ಹೋಗಬೇಕು. ಅದರ ಒಳಗಿನ ಸಂಪರ್ಕ ಅಂಟಿಕೊಂಡಿದ್ದರೂ, ಅದರ ಹೊರಕವಚಕ್ಕೆ ಅರ್ಥಿಂಗ್ ತಪ್ಪಿದ್ದರೂ ಬ್ಯಾಟರಿಯ ಪೂರ್ಣ ವೋಲ್ಟೇಜ್ ಮೀಟರುಗಳಿಗೆ ಹೋಗುತ್ತದೆ. ಎರಡೂ ಒಟ್ಟಿಗೆ ತಳದಲ್ಲಿ ಮಲಗಿದ್ದರೆ ಸ್ಟೆಬಿಲೈಸರ್ ಪೂರ್ತಿ ಕೆಟ್ಟಿರಬಹುದು.

ಹೆಡ್‌ಲೈಟ್ ಹಾಕಿದಾಗ ಅಥವಾ ಇಂಡಿಕೇಟರ್ ಮಿನುಗಿದಾಗ ಮುಳ್ಳು ಅಲುಗಿದರೆ ಅದು ಅರ್ಥಿಂಗ್ ದೋಷ ಎಂದು ಬಹುಮಟ್ಟಿಗೆ ಹೇಳಬಹುದು. ಒಂದೇ ಮೀಟರ್ ತಪ್ಪಾಗಿ ಉಳಿದವು ಸರಿಯಾಗಿದ್ದರೆ ಆ ಮೀಟರ್, ಅದರ ತಂತಿ, ಅದರ ಯೂನಿಟ್ ಈ ಮೂರರಲ್ಲಿಯೇ ದೋಷವಿರುತ್ತದೆ.

ಇಂಧನ ಮಾಪಕ

ಮೊದಲ ಹಂತ: ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಸಾಧ್ಯವಾದರೆ ಮರದ ಪಟ್ಟಿಯನ್ನು ಟ್ಯಾಂಕಿಗೆ ಇಳಿಸಿ ನಿಜವಾದ ಮಟ್ಟವನ್ನು ನೋಡಬೇಕು. ಮುಳ್ಳು ತಪ್ಪೋ ನಮ್ಮ ಊಹೆ ತಪ್ಪೋ ಎಂಬುದು ಇದರಿಂದಲೇ ತೀರ್ಮಾನವಾಗುತ್ತದೆ.

ಎರಡನೆಯ ಹಂತ: ಕೀಲಿ ಹಾಕಿ, ಟ್ಯಾಂಕ್ ಯೂನಿಟ್ಟಿನ ಲೋಹದ ಮೈಗೂ ಬ್ಯಾಟರಿಯ ನೆಗೆಟಿವ್ ತುದಿಗೂ ನಡುವಿನ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ನೋಡಬೇಕು. ಅದು ಸೊನ್ನೆಯ ಆಸುಪಾಸಿನಲ್ಲಿರಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ಎಂದು ತೋರಿಸಿದರೆ ಅರ್ಥಿಂಗ್ ದಾರಿ ಕೆಟ್ಟಿದೆ. ಖಚಿತಪಡಿಸಿಕೊಳ್ಳಲು ಕೀಲಿ ತೆಗೆದು, ಯೂನಿಟ್ಟಿನ ಮೈಯಿಂದ ಚಾಸಿಯ ಶುಭ್ರವಾದ ಜಾಗಕ್ಕೆ ಕ್ಲಿಪ್ ತಂತಿಯನ್ನು ಸೇರಿಸಿ ಮತ್ತೆ ಕೀಲಿ ಹಾಕಬೇಕು. ಮುಳ್ಳು ಸರಿಯಾದ ಜಾಗಕ್ಕೆ ಬಂದರೆ ರೋಗ ಸಿಕ್ಕಿತು. ಬೈಮೆಟಲ್ ಮೀಟರಿನಲ್ಲಿ ಅರ್ಥಿಂಗ್ ಕೆಟ್ಟರೆ ಹರಿಯುವ ವಿದ್ಯುತ್ ಕಡಿಮೆಯಾಗಿ, ಇರುವ ಡೀಸೆಲಿಗಿಂತ ಕಡಿಮೆ ತೋರಿಸುತ್ತದೆ. ನಮ್ಮ ವಾಹನದಲ್ಲಿ ಆದುದೂ ಇದೇ. ಕೆಲವು ಆಯಸ್ಕಾಂತ ಮೀಟರುಗಳಲ್ಲಿ ಇದಕ್ಕೆ ವಿರುದ್ಧವಾಗಿ ಇಲ್ಲದ ಡೀಸೆಲನ್ನು ಇದೆಯೆಂದು ತೋರಿಸುತ್ತದೆ. ಇದು ದಾರಿಯ ನಡುವೆ ಕೈಕೊಡುವ ದೋಷ. ನಾಗರಹೊಳೆ ಅರಣ್ಯದ ರಸ್ತೆಯಲ್ಲಿ ಡೀಸೆಲ್ ಮುಗಿದು ನಿಂತರೆ ಆಗುವ ಪೇಚಾಟವನ್ನು ಬೇರೆ ಹೇಳಬೇಕಾಗಿಲ್ಲ.

ಮೂರನೆಯ ಹಂತ: ಅರ್ಥಿಂಗ್ ಸರಿಯಿದ್ದರೆ ಯೂನಿಟ್ಟಿಗೆ ಬರುವ ತಂತಿಯನ್ನು ಕಳಚಿ, ಅದರ ತುದಿಯನ್ನು ಟ್ಯಾಂಕಿನಿಂದ ದೂರದಲ್ಲಿ ಚಾಸಿಗೆ ಸೇರಿಸಿ, ಆನಂತರ ಕೀಲಿ ಹಾಕಬೇಕು. ತಂತಿ ಬಿಡಿಯಾಗಿದ್ದಾಗ ಮುಳ್ಳು ಒಂದು ಕೊನೆಗೂ, ಚಾಸಿಗೆ ಸೇರಿದಾಗ ಇನ್ನೊಂದು ಕೊನೆಗೂ ಹೋದರೆ ಮೀಟರೂ ತಂತಿಯೂ ಸರಿಯಾಗಿವೆ. ದೋಷ ಟ್ಯಾಂಕ್ ಯೂನಿಟ್ಟಿನಲ್ಲಿದೆ. ಮುಳ್ಳು ಕೊನೆ ಮುಟ್ಟುತ್ತಿದ್ದಂತೆ ಕೀಲಿ ತೆಗೆಯಬೇಕು. ಹೆಚ್ಚು ಹೊತ್ತು ಬಿಟ್ಟರೆ ಮೀಟರಿನ ಸುರುಳಿ ಸುಟ್ಟೀತು. ಮುಳ್ಳು ಅಲುಗದಿದ್ದರೆ ಇದೇ ಪರೀಕ್ಷೆಯನ್ನು ಮೀಟರಿನ ಹಿಂಬದಿಯ ತುದಿಯಲ್ಲಿ ಮಾಡಬೇಕು. ಅಲ್ಲಿ ಅಲುಗಿದರೆ ತಂತಿ ಎಲ್ಲಿಯೋ ತುಂಡಾಗಿದೆ. ಅಲ್ಲಿಯೂ ಅಲುಗದೆ, ಮೀಟರಿಗೆ ವಿದ್ಯುತ್ ಬರುತ್ತಿದ್ದರೆ ಮಾತ್ರ ಮೀಟರ್ ಕೆಟ್ಟಿದೆ ಎನ್ನಬಹುದು.

ನಾಲ್ಕನೆಯ ಹಂತ: ಬಿಚ್ಚಿದ ಯೂನಿಟ್ಟನ್ನು ಮಲ್ಟಿಮೀಟರಿನ ಓಮ್ ಅಳತೆಗೆ ಸೇರಿಸಿ, ಫ್ಲೋಟ್ ಇರುವ ಕೈಯನ್ನು ತಳದಿಂದ ಮೇಲಕ್ಕೆ ನಿಧಾನವಾಗಿ ಎತ್ತಬೇಕು. ಅಂಕಿ ಒಂದೇ ಸಮನೆ ಏರಬೇಕು ಅಥವಾ ಇಳಿಯಬೇಕು. ನಡುವೆ ಎಲ್ಲಿಯಾದರೂ ಅಂಕಿ ಮಾಯವಾದರೆ ಅಲ್ಲಿ ಒಳಗಿನ ತಂತಿ ಸವೆದಿದೆ. ಫ್ಲೋಟನ್ನು ಕಿವಿಯ ಬಳಿ ಅಲುಗಿಸಿ ನೋಡಬೇಕು. ಒಳಗೆ ದ್ರವದ ಸದ್ದು ಕೇಳಿದರೆ ಅದು ತೂತಾಗಿ ಮುಳುಗುತ್ತಿದೆ, ಬದಲಾಯಿಸುವುದೇ ಸರಿ. ಇಂಧನ ಹೊಕ್ಕಿರುವ ಹಿತ್ತಾಳೆ ಫ್ಲೋಟಿಗೆ ಬೆಸುಗೆ ಹಾಕಲು ಹೋಗುವುದು ಅಪಾಯಕರ.

ಕೊನೆಯದಾಗಿ, ಖಾಲಿ ಟ್ಯಾಂಕಿಗೆ ಅಳತೆಯ ಕ್ಯಾನಿನಿಂದ ಐದೈದು ಲೀಟರಿನಂತೆ ಹಾಕುತ್ತಾ ಮುಳ್ಳು ನಿಲ್ಲುವ ಜಾಗವನ್ನೂ, ಪಟ್ಟಿ ಒದ್ದೆಯಾಗುವ ಎತ್ತರವನ್ನೂ ಬರೆದುಕೊಳ್ಳಬೇಕು. ಟ್ಯಾಂಕಿನ ಆಕಾರ ಸಮವಾಗಿರದ ಕಾರಣ ಮುಳ್ಳಿನ ಅರ್ಧ ಎಂದರೆ ಡೀಸೆಲಿನ ಅರ್ಧವೆಂದು ಭಾವಿಸಲಾಗದು. ಒಮ್ಮೆ ಈ ಪಟ್ಟಿ ಸಿದ್ಧವಾದರೆ ಮಾಲೀಕನಿಗೂ ಚಾಲಕನಿಗೂ ಒಂದೇ ಪ್ರಮಾಣ ದೊರೆಯುತ್ತದೆ.

ಉಷ್ಣತಾ ಮಾಪಕ

ಇಂಧನ ಮಾಪಕದ ತಪ್ಪು ಲೆಕ್ಕವನ್ನು ಕೆಡಿಸುತ್ತದೆ. ಉಷ್ಣತಾ ಮಾಪಕದ ತಪ್ಪು ಎಂಜಿನ್ನನ್ನೇ ಕೆಡಿಸುತ್ತದೆ. ಎಂಜಿನ್ನಿನಲ್ಲಿರುವ ಯೂನಿಟ್ಟಿನ ವಿದ್ಯುತ್ ತಡೆಯು ಬಿಸಿ ಏರಿದಂತೆ ಇಳಿಯುತ್ತದೆ. ಹೆಚ್ಚು ವಿದ್ಯುತ್ ಹರಿದು ಮುಳ್ಳು ಏರುತ್ತದೆ. ಹಾಗಾಗಿ ತಂತಿ ಕಳಚಿಹೋದರೆ ಮುಳ್ಳು ತಣ್ಣಗಿರುವ ಕಡೆಗೇ ಬೀಳುತ್ತದೆ. ಎಂಜಿನ್ ಕುದಿಯುತ್ತಿದ್ದರೂ ಚಾಲಕನಿಗೆ ತಿಳಿಯುವುದಿಲ್ಲ. ಇನ್ನೊಂದು ಸಂಗತಿಯನ್ನು ಚಾಲಕರಿಗೆ ತಪ್ಪದೆ ಹೇಳಬೇಕು. ಯೂನಿಟ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಬಿಸಿಯನ್ನು ತಿಳಿಸುತ್ತದೆ. ಹೋಸ್ ಒಡೆದು ನೀರು ಸೋರಿಹೋದರೆ ಮುಳ್ಳು ಏರದೆಯೂ ಇರಬಹುದು, ಇಳಿಯಲೂಬಹುದು. ಏರು ದಾರಿಯಲ್ಲಿ ತುಂಬಿದ ಗಾಡಿಯ ಮುಳ್ಳು ಇದ್ದಕ್ಕಿದ್ದಂತೆ ಇಳಿದರೆ ಸಂತೋಷಪಡದೆ, ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿದ ಮೇಲೆ ನೀರನ್ನು ನೋಡಬೇಕು.

ತಂತಿ ಪರೀಕ್ಷೆಯ ಕ್ರಮ ಹಿಂದಿನದೇ. ಯೂನಿಟ್ಟನ್ನು ಬಿಚ್ಚಿ ತಣ್ಣೀರಿನಲ್ಲಿಯೂ ಬಳಿಕ ಬಿಸಿನೀರಿನಲ್ಲಿಯೂ ಇಟ್ಟು ಓಮ್ ಅಳತೆ ನೋಡಿದರೆ, ಬಿಸಿಯಲ್ಲಿ ಅಂಕಿ ಗಣನೀಯವಾಗಿ ಇಳಿಯಬೇಕು. ಮತ್ತೆ ಕೂರಿಸುವಾಗ ಮರೆಗೆ ದಪ್ಪವಾಗಿ ಟೆಫ್ಲಾನ್ ಟೇಪ್ ಸುತ್ತುವ ಅಭ್ಯಾಸವನ್ನು ಬಿಡಬೇಕು. ಒಂಟಿ ತಂತಿಯ ಯೂನಿಟ್ಟಿಗೆ ಅದರ ಮರೆಯೇ ಅರ್ಥಿಂಗ್. ಟೇಪು ಅದನ್ನು ಮುಚ್ಚಿದರೆ ಮೀಟರ್ ಕಡಿಮೆ ತೋರಿಸುತ್ತದೆ.

ಮುಳ್ಳು ಸದಾ ಕೆಳಗೇ ಇದ್ದರೆ ಥರ್ಮೋಸ್ಟಾಟ್ ವಾಲ್ವ್ ಇದೆಯೇ ಎಂದು ವಿಚಾರಿಸಬೇಕು. ಬಿಸಿಯಾಗುವ ಗಾಡಿಗೆ ಸುಲಭದ ಮದ್ದೆಂದು ಅದನ್ನು ತೆಗೆದುಹಾಕುವ ಪದ್ಧತಿ ನಮ್ಮಲ್ಲಿದೆ. ಆಗ ಮೀಟರ್ ಹೇಳುವುದು ನಿಜವೇ. ಎಂಜಿನ್ ತಕ್ಕಷ್ಟು ಬಿಸಿಯಾಗುತ್ತಿಲ್ಲ. ಇದರಿಂದ ಡೀಸೆಲ್ ಖರ್ಚೂ ಎಂಜಿನ್ ಸವೆತವೂ ಹೆಚ್ಚುತ್ತವೆ.

ಎಂಜಿನ್ ಆಯಿಲ್ ಒತ್ತಡದ ಮಾಪಕ

ಈ ಮಾಪಕದ ವಿಷಯದಲ್ಲಿ ನಿಯಮ ಒಂದೇ: ಮುಳ್ಳು ಸೊನ್ನೆಗೆ ಬಿದ್ದರೆ ಮೊದಲು ಎಂಜಿನ್ ನಿಲ್ಲಿಸಬೇಕು, ಸಂಶಯ ಆಮೇಲೆ. ಮೀಟರ್ ಸುಳ್ಳಾಗಿದ್ದರೆ ಕಳೆಯುವುದು ಅರ್ಧ ದಿನ. ನಿಜವಾಗಿದ್ದು ನಾವು ಓಡಿಸಿದರೆ ಕಳೆಯುವುದು ಬೇರಿಂಗು, ಕ್ರ್ಯಾಂಕ್ ಎಲ್ಲವೂ. ಆಯಿಲ್ ಮಟ್ಟವನ್ನು ನೋಡಿದ ಮೇಲೆ, ಯೂನಿಟ್ ಇರುವ ಜಾಗಕ್ಕೆ ನೇರವಾಗಿ ಒತ್ತಡ ಅಳೆಯುವ ಯಾಂತ್ರಿಕ ಗೇಜನ್ನು ಮೆಕ್ಯಾನಿಕ್ಕರಿಂದ ಹಾಕಿಸಿ, ತಯಾರಕರ ಕೈಪಿಡಿಯ ಅಂಕಿಯೊಡನೆ ಹೋಲಿಸಬೇಕು. ಹೊಸ ಯೂನಿಟ್ ಹಾಕುವ ಮಾತು ಅದರ ನಂತರ.

ವೇಗಮಾಪಕ ಮತ್ತು ದೂರಮಾಪಕ

ಕೇಬಲ್ ಇರುವ ಸ್ಪೀಡೋಮೀಟರಿನ ತತ್ವಕ್ಕೆ ಜರ್ಮನಿಯ ಒಟ್ಟೊ ಶುಲ್ಜೆ 1902ರಲ್ಲಿ ಪೇಟೆಂಟ್ ಪಡೆದರು. ಗೇರ್‌ಬಾಕ್ಸಿನಿಂದ ಬರುವ ಕೇಬಲ್ ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ. ಅದು ಪಕ್ಕದ ಲೋಹದ ಬಟ್ಟಲನ್ನು ಮುಟ್ಟದೆಯೇ ಎಳೆಯುತ್ತದೆ. ಬಟ್ಟಲಿಗೆ ಸೇರಿದ ಮುಳ್ಳನ್ನು ಸ್ಪ್ರಿಂಗ್ ಹಿಡಿದಿರುತ್ತದೆ. ದೂರಮಾಪಕ ಅದೇ ಕೇಬಲಿನ ಸುತ್ತುಗಳನ್ನು ಹಲ್ಲುಗಾಲಿಗಳ ಮೂಲಕ ಎಣಿಸುತ್ತದೆ.

ಮುಳ್ಳು ಕುಣಿದರೆ ಕೇಬಲ್ ಒಣಗಿದೆ ಅಥವಾ ಎಲ್ಲಿಯೋ ಮಡಿಸಿಕೊಂಡಿದೆ. ವೇಗ, ದೂರ ಎರಡೂ ನಿಂತರೆ ಕೇಬಲ್ ತುಂಡಾಗಿದೆ ಅಥವಾ ಗೇರ್‌ಬಾಕ್ಸಿನ ಕಡೆಯ ಪುಟ್ಟ ಗೇರು ಸವೆದಿದೆ. ದೂರ ಓಡುತ್ತಿದ್ದು ವೇಗ ಮಾತ್ರ ತಪ್ಪಾದರೆ ದೋಷ ಮೀಟರಿನೊಳಗಿದೆ. ಕೇಬಲಿಗೆ ಗ್ರೀಸನ್ನು ತೆಳುವಾಗಿ, ಕೆಳಗಿನ ಭಾಗಕ್ಕೆ ಮಾತ್ರ ಸವರಬೇಕು. ಹೆಚ್ಚಾದರೆ ಅದು ಮೀಟರಿಗೆ ಏರಿ ಮುಳ್ಳು ಅಂಟಿಕೊಳ್ಳುತ್ತದೆ.

ಪರೀಕ್ಷೆಗೆ ಯಂತ್ರ ಬೇಕಿಲ್ಲ. ಮೈಸೂರು, ಹುಣಸೂರು, ಪಿರಿಯಾಪಟ್ಟಣಗಳ ಮೂಲಕ ಹಾದುಹೋಗುವ 275ನೇ ರಾಷ್ಟ್ರೀಯ ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳು ಸಾಕು. ರಸ್ತೆ ಖಾಲಿ ಇರುವಾಗ ಮುಳ್ಳನ್ನು 60ರಲ್ಲಿ ಸ್ಥಿರವಾಗಿರಿಸಿ, ಒಂದು ಕಲ್ಲಿನಿಂದ ಮುಂದಿನದಕ್ಕೆ ಹಿಡಿಯುವ ಸೆಕೆಂಡುಗಳನ್ನು ಜೊತೆಗಿರುವವರು ಎಣಿಸಬೇಕು. 3,600ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ನಿಜವಾದ ವೇಗ ಬರುತ್ತದೆ. 60 ಸೆಕೆಂಡಾದರೆ 60 ಕಿ.ಮೀ.; 65 ಆದರೆ ಸುಮಾರು 55; 72 ಆದರೆ 50. ಕಲ್ಲುಗಳ ಅಂತರದಲ್ಲಿ ವ್ಯತ್ಯಾಸವಿರಬಹುದಾದ್ದರಿಂದ ನಾಲ್ಕೈದು ಕಲ್ಲುಗಳ ಸರಾಸರಿ ತೆಗೆಯಬೇಕು. ಮೊಬೈಲ್ ಫೋನಿನ ಜಿಪಿಎಸ್ ವೇಗದೊಡನೆ ಹೋಲಿಸುವುದೂ ಸುಲಭ.

ಅಲ್ಪಸ್ವಲ್ಪ ಹೆಚ್ಚು ತೋರಿಸುವುದು ದೋಷವಲ್ಲ. ವಿಶ್ವಸಂಸ್ಥೆಯ 39ನೇ ವಾಹನ ನಿಯಮಾವಳಿಯ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಕೂಡದು. ಹೆಚ್ಚು ತೋರಿಸಿದರೆ ಅದು ನಿಜವೇಗದ ಶೇಕಡಾ 10 ಮತ್ತು 4 ಕಿ.ಮೀ. ಸೇರಿದ ಮೊತ್ತವನ್ನು ಮೀರಬಾರದು. ಅಪಾಯವಿರುವುದು ಕಡಿಮೆ ತೋರಿಸುವುದರಲ್ಲಿ. ಮೂಲ ಅಳತೆಗಿಂತ ಶೇಕಡಾ 5ರಷ್ಟು ದೊಡ್ಡ ಸುತ್ತಳತೆಯ ಟೈರ್ ಹಾಕಿದರೆ, ಮೊದಲು ಸರಿಯಾಗಿದ್ದ ಮೀಟರ್ 60 ಎಂದಾಗ ವಾಹನ 63ರಲ್ಲಿ ಓಡುತ್ತಿರುತ್ತದೆ. ಬೇರೆ ಅನುಪಾತದ ಗೇರ್‌ಬಾಕ್ಸ್ ಅಥವಾ ಡಿಫರೆನ್ಷಿಯಲ್ ಕೂರಿಸಿದಾಗಲೂ ಹೀಗೆಯೇ.

ದೂರಮಾಪಕದ ತಪ್ಪು ಮೈಲೇಜ್ ಲೆಕ್ಕಕ್ಕೆ ನೇರವಾಗಿ ತಟ್ಟುತ್ತದೆ. ಸಾವಿರ ಕಿ.ಮೀ. ಓಡಿದ್ದನ್ನು 1,080 ಎಂದು ತೋರಿಸುವ ವಾಹನ 100 ಲೀಟರ್ ಕುಡಿದರೆ, ಪುಸ್ತಕದಲ್ಲಿ ಲೀಟರಿಗೆ 10.8 ಎಂದು ಬರೆಯುತ್ತೇವೆ. ನಿಜ 10 ಮಾತ್ರ. ಮೀಟರ್ ಸರಿಪಡಿಸಿದ ತಿಂಗಳು ಮೈಲೇಜ್ "ಬಿದ್ದಿತು" ಎಂದು ಮತ್ತೆ ಚಾಲಕನನ್ನೇ ನೋಡುತ್ತೇವೆ.

ಕಾನೂನಿನ ಅಗತ್ಯ

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 62ನೇ ನಿಯಮದ ಪ್ರಕಾರ ಅರ್ಹತಾ ಪತ್ರಕ್ಕಾಗಿ ಪರಿಶೀಲಿಸುವ ಅಂಶಗಳಲ್ಲಿ ಡ್ಯಾಶ್‌ಬೋರ್ಡ್ ಉಪಕರಣಗಳೂ ಸ್ಪೀಡೋಮೀಟರೂ ಸೇರಿವೆ. ಕೆಎ-45 ಸಂಖ್ಯೆ ಹೊತ್ತ ನಮ್ಮ ಹಳೆಯ ಸರಕು ವಾಹನಗಳನ್ನು ಎಫ್‌ಸಿಗೆ ಒಯ್ಯುವ ಮುನ್ನ ಬಣ್ಣ, ದೀಪಗಳಿಗೆ ಕೊಡುವ ಗಮನವನ್ನು ಮೀಟರುಗಳಿಗೂ ಕೊಡುವುದು ಒಳಿತು. ಸ್ಪೀಡೋಮೀಟರ್ ಬದಲಾಯಿಸಿದರೆ ಹಳೆಯ ಮೀಟರಿನ ಕೊನೆಯ ಅಂಕಿ, ಹೊಸದರ ಮೊದಲ ಅಂಕಿ ಮತ್ತು ದಿನಾಂಕವನ್ನು ವಾಹನದ ಪುಸ್ತಕದಲ್ಲಿ ಬರೆದಿಡಬೇಕು. ಮುಂದೆ ವಾಹನ ಮಾರುವಾಗ ಕೊಳ್ಳುವವರಿಗೆ ಇದು ನ್ಯಾಯ.

ಕೊನೆಯ ಮಾತು

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದು ತಂಬಾಕು ಹರಾಜಿನ ಓಡಾಟ ಬಿರುಸಾಗುವ ಮುನ್ನ, ಬ್ಯಾಟರಿ, ಎಂಜಿನ್, ಚಾಸಿ ಮತ್ತು ಟ್ಯಾಂಕುಗಳ ಅರ್ಥಿಂಗ್ ತುದಿಗಳನ್ನು ಬಿಚ್ಚಿ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿಸಿದರೆ ಇಲ್ಲಿ ಹೇಳಿದ ಅನೇಕ ದೋಷಗಳು ತಲೆಯೆತ್ತುವುದೇ ಇಲ್ಲ. ಖರ್ಚು ಅತ್ಯಲ್ಪ.

ನಮ್ಮ ಚಾಲಕರ ಮನೆಗೆ ನಾವೇ ಹೋಗಿ ತಪ್ಪೊಪ್ಪಿಕೊಂಡೆವು. ಆಳುಗಳ ಎದುರಿಗೆ ಆಡಿದ ಮಾತನ್ನು ಆಳುಗಳ ಎದುರಿಗೇ ಹಿಂತೆಗೆದುಕೊಂಡೆವು. ಅವರು ಕೆಲಸಕ್ಕೆ ಮರಳಿದರು. ಆದರೆ ಅಂದಿನಿಂದ ಪ್ರತಿ ಬಾರಿ ಡೀಸೆಲ್ ಹಾಕಿಸಿದಾಗಲೂ ಮರದ ಪಟ್ಟಿಯನ್ನು ಟ್ಯಾಂಕಿಗೆ ಇಳಿಸಿ, ಒದ್ದೆಯಾದ ಗುರುತನ್ನು ನಮಗೆ ತೋರಿಸಿ, ಪುಸ್ತಕದಲ್ಲಿ ಬರೆಸಿಯೇ ಹೋಗುತ್ತಿದ್ದರು. ಬೇಡವೆಂದರೂ ಬಿಡಲಿಲ್ಲ. ಅಳತೆ ಸರಿಯಾಯಿತು, ಅಳೆಯದೆಯೇ ನಂಬುತ್ತಿದ್ದ ಆ ಹಿಂದಿನ ದಿನಗಳು ಮಾತ್ರ ಮರಳಲಿಲ್ಲ. ಸದಸ್ಯರು ತಮ್ಮ ವಾಹನದ ಮುಳ್ಳನ್ನು ಮೊದಲು ಪರೀಕ್ಷಿಸಲಿ, ಆಮೇಲೆ ಮನುಷ್ಯರನ್ನು ಕೇಳಲಿ ಎಂಬುದೇ ಈ ಲೇಖನದ ವಿನಂತಿ.